ಸವರುತ್ತಿದ್ದಾಗಲೇ ಬೆಕ್ಕು ತಿರುಗಿ ಕಚ್ಚುತ್ತೆ, ಏನು ಮಾಡೋದು?

ಬೂದಿಬಾಲ:
ಆರು ವರ್ಷದ ಹೆಣ್ಣು ನಾಟಿ ಬೆಕ್ಕು. ಆಪರೇಷನ್ ಆಗಿದೆ, ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸ್ತೀವಿ, ಫ್ಲಾಟ್ ಬಿಟ್ಟು ಹೊರಗೆ ಹೋಗಲ್ಲ. ತಾನಾಗೇ ಬಂದು ತೊಡೆ ಮೇಲೆ ಕೂತು ಗುರ್‌ಗುಟ್ಟುತ್ತೆ. ತಲೆಯಿಂದ ಬಾಲದವರೆಗೆ ಸವರಿದರೆ ನಾಲ್ಕೈದು ಸಲ ಸುಮ್ಮನಿರುತ್ತೆ, ಆಮೇಲೆ ಇದ್ದಕ್ಕಿದ್ದಂತೆ ತಿರುಗಿ ಕೈಗೆ ಬಾಯಿ ಹಾಕುತ್ತೆ. ಮೊದಲು ಅಪರೂಪಕ್ಕೆ ಆಗ್ತಿತ್ತು, ಈಚೆಗೆ ದಿನಾ. ಮನೇಲಿ ಏಳು ವರ್ಷದ ಮಗಳಿದಾಳೆ, ಅವಳಿಗೆ ಬೆಕ್ಕನ್ನ ಎತ್ತಿ ಅಪ್ಪಿಕೊಳ್ಳಬೇಕು. ಮೂಗಿನ ಮೇಲೆ ಒಂದು ತಟ್ಟಿದ್ರೆ ಸರಿಹೋಗುತ್ತೆ ಅಂತಾರೆ. ಹೌದಾ?

ಮೀಸೆಮಾಮ:
ತಟ್ಟಲೇಬೇಡಿ. ಕೈ ಬಂದರೆ ಏಟು ಅಂತ ಕಲಿಯುತ್ತೆ, ಮುಂದಿನ ಸಲ ಇನ್ನೂ ಬೇಗ ಕಚ್ಚುತ್ತೆ. ನೀರು ಚಿಮುಕಿಸೋದಕ್ಕೂ ಇದೇ ಮಾತು.

‘ಇದ್ದಕ್ಕಿದ್ದಂತೆ’ ಅಂದ್ರಲ್ಲ, ಅದು ನಮ್ಮ ಕಣ್ಣಿಗೆ ಮಾತ್ರ. ಮುಂದಿನ ಸಲ ಟಿವಿ ಆರಿಸಿ, ಬೆಕ್ಕನ್ನೇ ನೋಡ್ತಾ ಸವರಿ. ಗುರ್‌ಗುಟ್ಟೋದು ನಿಲ್ಲುತ್ತೆ, ಮೈ ಬಿಗಿಯಾಗುತ್ತೆ. ಬಾಲದ ತುದಿ ಆಡೋಕೆ ಶುರುವಾಗಿ ಇಡೀ ಬಾಲ ಪಟಪಟ ಬಡಿಯುತ್ತೆ. ಬೆನ್ನಿನ ಚರ್ಮ ಅಲೆ ಎದ್ದ ಹಾಗೆ ಅದುರುತ್ತೆ. ಕಿವಿ ಪಕ್ಕಕ್ಕೆ ಹೊರಳುತ್ತೆ, ಕಣ್ಣಿನ ಪಾಪೆ ಅಗಲವಾಗುತ್ತೆ, ಕೊನೆಗೆ ತಲೆ ನಿಮ್ಮ ಕೈ ಕಡೆ ತಿರುಗುತ್ತೆ. ಎಲ್ಲವೂ ಇದೇ ಕ್ರಮದಲ್ಲಿ ಬರಲೇಬೇಕು ಅಂತಿಲ್ಲ, ಕೆಲವು ಬೆಕ್ಕುಗಳಲ್ಲಿ ಎರಡೇ ಕಾಣುತ್ತೆ. ಯಾವುದೇ ಒಂದು ಕಂಡರೂ ಕೈ ತೆಗೆಯಿರಿ. ಗುರ್‌ಗುಟ್ಟೋದನ್ನ ಮಾತ್ರ ನೆಚ್ಚಿಕೊಳ್ಳಬೇಡಿ, ನೋವಿದ್ದಾಗಲೂ ಬೆಕ್ಕು ಗುರ್‌ಗುಟ್ಟುತ್ತೆ.

ಇನ್ನು ಸವರೋ ಕ್ರಮ. ತೋರುಬೆರಳು ಸ್ವಲ್ಪ ಮಡಚಿ, ಅದರ ಮೂಗಿನ ಎತ್ತರಕ್ಕೆ, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಮೇಲಿಂದ ತಲೆ ಮೇಲೆ ಕೈ ಇಳಿಸಬೇಡಿ. ಬಂದು ಕೆನ್ನೆ ಉಜ್ಜಿದರೆ ಸರಿ, ಮೂಸಿ ಮುಖ ತಿರುಗಿಸಿದರೆ ಈಗ ಬೇಡ ಅಂತ. ಒಪ್ಪಿದ ಮೇಲೆ ಕೆನ್ನೆ, ಗದ್ದದ ಕೆಳಗೆ, ಕಣ್ಣಿಗೂ ಕಿವಿಗೂ ನಡುವಿನ ಕೂದಲು ತೆಳ್ಳಗಿರೋ ಜಾಗ, ಇಷ್ಟೇ ಸಾಕು. ವಾಸನೆ ಸೂಸುವ ಗ್ರಂಥಿಗಳು ಮುಖದಲ್ಲಿವೆ, ಬಾಗಿಲಿಗೂ ಸೋಫಾಗೂ ಅದು ಉಜ್ಜೋದು ಅಲ್ಲಿಂದಲೇ. ಮೂರು ಸೆಕೆಂಡು ಸವರಿ ಕೈ ಎತ್ತಿ. ತಲೆ ಕೊಟ್ಟುಕೊಂಡು ಬಂದರೆ ಇನ್ನೊಂದು ಮೂರು ಸೆಕೆಂಡು. ಬರದಿದ್ದರೆ ಅಲ್ಲಿಗೆ ಮುಗಿಯಿತು. ನಾಲ್ಕೈದಕ್ಕೆ ಕಚ್ಚುತ್ತೆ ಅಂತ ನಿಮಗೇ ಗೊತ್ತಿದೆ, ಎರಡಕ್ಕೇ ನಿಲ್ಲಿಸಿ.

ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಲಂಡನ್ನಿನ ಬ್ಯಾಟರ್ಸೀ ಆಶ್ರಯತಾಣದ ಬೆಕ್ಕುಗಳ ಜೊತೆ ಇಂಥದ್ದೇ ಕ್ರಮವನ್ನ ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದ್ದಾರೆ. ಬೆಕ್ಕಿನ ಇಷ್ಟಕ್ಕೆ ಬಿಡಿ, ಅದರ ಮೈಭಾಷೆ ನೋಡ್ತಾ ಇರಿ, ಮುಟ್ಟೋ ಜಾಗ ಆರಿಸಿ ಅಂತ ಜನರಿಗೆ ಹೇಳಿಕೊಟ್ಟ ಮೇಲೆ ಬೆಕ್ಕುಗಳ ಕಿರಿಕಿರಿಯೂ ಕಚ್ಚಾಟವೂ ಕಡಿಮೆಯಾಯ್ತು.

ಹಳ್ಳಿಹುಲಿ:
ಇಷ್ಟೆಲ್ಲ ಯಾಕೆ? ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಿ. ತಾಯಿ ಬೆಕ್ಕು ಮರಿಗೆ ಮಾಡೋದೂ ಅದೇ ತಾನೇ.

ಕಪ್ಪುಪಂಜ:
ತಾಯಿ ಹಾಗೆ ಹೊರೋದು ಕೆಲವು ವಾರದ ಮರಿಯನ್ನ. ನಾಲ್ಕು ಕೆಜಿ ಬೆಕ್ಕಿನ ಭಾರವನ್ನ ಕತ್ತಿನ ಚರ್ಮದಲ್ಲಿ ತೂಗಿದರೆ ನೋವಾಗುತ್ತೆ. ಸುಮ್ಮನಾಗೋದು ಭಯಕ್ಕೆ, ಬುದ್ಧಿ ಬಂದು ಅಲ್ಲ.

ಬೂದಿಬಾಲ ಅವರೇ, ನೀವು ಬರೆದದ್ದರಲ್ಲಿ ನನಗೆ ಸಂಶಯ ಬಂದಿದ್ದು ‘ಈಚೆಗೆ ದಿನಾ’ ಅನ್ನೋದಕ್ಕೆ. ಸ್ವಭಾವ ಹೀಗೆ ಬದಲಾದರೆ ಮೊದಲು ಮೈ ನೋಡಬೇಕು. ಮೂರು ವಿಷಯ ಹೇಳಿ. ಕೈ ಎಲ್ಲಿದ್ದಾಗ ಕಚ್ಚುತ್ತೆ? ಬಾಲದ ಬುಡದಲ್ಲಿ ಕೂದಲು ಬಿಡಿಸಿದರೆ ಏನಾದರೂ ಕಾಣುತ್ತಾ? ಎತ್ತರಕ್ಕೆ ನೆಗೆಯೋದು ಕಡಿಮೆಯಾಗಿದೆಯಾ?

ಬೂದಿಬಾಲ:
ಕೆನ್ನೆ, ಗದ್ದಕ್ಕೆ ಏನೂ ತಕರಾರಿಲ್ಲ. ಸೊಂಟ ದಾಟಿ ಬಾಲದ ಹತ್ತಿರ ಬಂದಾಗಲೇ ಕಚ್ಚೋದು. ಅಲ್ಲಿ ರವೆ ಕಾಳಿನಷ್ಟು ಸಣ್ಣ ಹಕ್ಕಳೆಗಳಿವೆ, ಕೂದಲೂ ತೆಳ್ಳಗಾಗಿದೆ. ಫ್ರಿಜ್ ಮೇಲೆ ಈಗಲೂ ನೆಗೆಯುತ್ತೆ. ಚಿಗಟ ಕಂಡಿಲ್ಲ. ಪಕ್ಕದ ಮನೆ ನಾಯಿ ಬಂದು ಹೋಗಿ ಮಾಡುತ್ತೆ.

ಕಪ್ಪುಪಂಜ:
ಚಿಗಟದ ಅಲರ್ಜಿ ಇರೋ ಸಾಧ್ಯತೆ ಹೆಚ್ಚು. ಚಿಗಟ ಕಾಣದಿದ್ದರೆ ಇಲ್ಲ ಅಂತಲ್ಲ, ಬೆಕ್ಕು ನೆಕ್ಕಿ ನೆಕ್ಕಿ ನುಂಗಿಬಿಡುತ್ತೆ. ಹೇನಿನ ಬಾಚಣಿಗೆಯಲ್ಲಿ ಬಾಲದ ಬುಡ ಮೆಲ್ಲಗೆ ಬಾಚಿ, ಉದುರಿದ ಕಪ್ಪು ಪುಡಿಯನ್ನ ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಹಾಕಿ. ಸುತ್ತ ಕೆಂಪುಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಧೂಳು. ಬಣ್ಣ ಬರದಿದ್ದರೂ ಹಕ್ಕಳೆ ಇರೋದರಿಂದ ವೆಟ್‌ಗೆ ತೋರಿಸಿ.

ಔಷಧಿ ಅಂದ್ರೆ ಹೆಗಲ ನಡುವೆ, ಕತ್ತಿನ ಬುಡದ ಚರ್ಮಕ್ಕೆ ಹಾಕೋ ಸ್ಪಾಟ್-ಆನ್, ಬೆಕ್ಕಿನ ತೂಕಕ್ಕೆ ತಕ್ಕದ್ದು. ನಾಯಿಯ ಡ್ರಾಪ್ಸ್ ಮಿಕ್ಕಿದೆ ಅಂತ ಹಾಕಬೇಡಿ. ಅವುಗಳಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ. ಒಂದು ತಿಂಗಳಿಗೆ ನಿಲ್ಲಿಸಿದರೆ ಮತ್ತೆ ಬರುತ್ತೆ, ಯಾಕಂದ್ರೆ ಗೂಡುಕಟ್ಟಿದ ಚಿಗಟ ಸೋಫಾ ಸಂದಿಯಲ್ಲಿ ವಾರಗಟ್ಟಲೆ ಕಾದು ಕೂತಿರುತ್ತೆ. ಕಡಿಮೆ ಅಂದ್ರೂ ಮೂರು ತಿಂಗಳು ಬಿಡದೆ ಹಾಕಿ, ಹಾಸಿಗೆ ಬಟ್ಟೆಯನ್ನ 60 ಡಿಗ್ರಿ ನೀರಲ್ಲಿ ಒಗೆಯಿರಿ. ಆ ನಾಯಿಗೂ ಹಾಕಿಸದೆ ಪ್ರಯೋಜನವಿಲ್ಲ, ಪಕ್ಕದ ಮನೆಯವರ ಹತ್ತಿರ ಮಾತಾಡೋ ಕೆಲಸ ನಿಮ್ಮದು.

ನೋವಿದೆ ಅಂತ ಡೋಲೊ, ಕ್ರೋಸಿನ್ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಮೀಸೆಮಾಮ:
ಇದು ತಪ್ಪಿಹೋಗಿತ್ತು, ಕಪ್ಪುಪಂಜ ಹೇಳಿದ್ದೇ ಸರಿ. ಚರ್ಮ ವಾಸಿಯಾಗೋವರೆಗೆ ಸೊಂಟದಿಂದ ಹಿಂದಕ್ಕೆ ಯಾರೂ ಕೈ ಹಾಕಬೇಡಿ. ವಾಸಿಯಾದ ಮೇಲೂ ಬಾಲದ ಬುಡ ಬಹಳಷ್ಟು ಬೆಕ್ಕುಗಳಿಗೆ ಹಿಡಿಸದ ಜಾಗ.

ಮಗಳಿಗೆ ಎರಡೇ ನಿಯಮ ಸಾಕು. ನೆಲದ ಮೇಲೆ ಕೂತೇ ಮುಟ್ಟಬೇಕು, ಎತ್ತೋ ಹಾಗಿಲ್ಲ. ಒಂದೇ ಕೈ, ಎರಡು ಬೆರಳು. ಎರಡು ಕೈಯಿಂದ ಸುತ್ತಿಕೊಂಡರೆ ಬೆಕ್ಕಿಗೆ ದಾರಿ ಮುಚ್ಚಿದ ಹಾಗೆ, ಆಗ ಅದು ಕಚ್ಚೋದು ಬಿಡಿಸಿಕೊಳ್ಳೋಕೆ. ‘ಒಂದು, ಎರಡು, ಮೂರು, ಕೈ ಮೇಲೆ’ ಅಂತ ಎಣಿಸೋದನ್ನ ಆಟ ಮಾಡಿ. ಮಲಗಿದ್ದಾಗ, ತಿನ್ನುವಾಗ, ಕಿಟಕಿಯಾಚೆ ಬೇರೆ ಬೆಕ್ಕು ನೋಡಿ ಬಾಲ ಉಬ್ಬಿಸಿದಾಗ ಹತ್ತಿರವೇ ಬೇಡ. ಆ ಸಿಟ್ಟು ಪಕ್ಕದಲ್ಲಿದ್ದವರ ಮೇಲೆ ತಿರುಗುತ್ತೆ. ಬೆರಳಾಡಿಸಿ ಕೆಣಕೋದೂ ನಿಲ್ಲಲಿ, ಕೋಲಿಗೆ ದಾರ, ಗರಿ ಕಟ್ಟಿ ಆಡಿಸಲಿ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತೆ.

ಹಲ್ಲು ಇಳಿದರೆ ಗಾಯ ಚಿಕ್ಕದು ಅಂತ ಬಿಡಬೇಡಿ. ಬೆಕ್ಕಿನ ಹಲ್ಲು ಸೂಜಿಮೊನೆ, ಮೇಲೆ ಮುಚ್ಚಿಕೊಂಡು ಒಳಗೆ ಕೀವಾಗುತ್ತೆ. ನಲ್ಲಿ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬೆಕ್ಕಿನ ಲಸಿಕೆ ಕಾರ್ಡೂ ಜೊತೆಗಿರಲಿ, ರೇಬೀಸ್ ಇಂಜೆಕ್ಷನ್ ಬೇಕೋ ಬೇಡವೋ ಅವರು ಹೇಳ್ತಾರೆ.

ಬೂದಿಬಾಲ:
ಟಿಶ್ಯೂ ಕೆಂಪಾಯ್ತು! ನಾಳೆ ವೆಟ್‌ಗೆ ತೋರಿಸ್ತೀವಿ. ಇನ್ನೊಂದು ಕೇಳೋದಿತ್ತು, ಮುಂದೆ ಬಂದು ಹೊಟ್ಟೆ ತೋರಿಸಿ ಮಲಗುತ್ತಲ್ಲ, ಅದು ಮುಟ್ಟು ಅಂತ ತಾನೇ?

ಮೀಸೆಮಾಮ:
ಅಲ್ಲ. ನಿಮ್ಮ ಭಯ ಇಲ್ಲ ಅಂತ, ಅಷ್ಟೇ. ಅಲ್ಲೇ ಕೂತು ಕಣ್ಣು ಅರೆಮುಚ್ಚಿ ನಿಧಾನಕ್ಕೆ ಮಿಟುಕಿಸಿ, ಅದೂ ಮಿಟುಕಿಸಬಹುದು. ಕೈ ಹಾಕಿ ನಾಲ್ಕು ಕಾಲಿನ ನಡುವೆ ಸಿಕ್ಕಿಕೊಂಡರೆ ಮಾತ್ರ ಕಿತ್ತುಕೊಳ್ಳಬೇಡಿ, ಓಡೋ ಬೇಟೆ ಅಂತ ಇನ್ನೂ ಬಿಗಿಯುತ್ತೆ, ಗೀರೂ ಆಳವಾಗುತ್ತೆ. ಕೈ ಹಾಗೇ ಸಡಿಲ ಬಿಟ್ಟು, ಹಿಡಿತ ಬಿಟ್ಟ ಮೇಲೆ ಮೆಲ್ಲಗೆ ತೆಗೆಯಿರಿ.