ಅಪ್‌ಡೇಟ್: ಸ್ಪ್ರಿಂಟ್ ಕೊನೆಯ ಟೆಸ್ಟಿಂಗ್ ನೂಕುನುಗ್ಗಲು ತಪ್ಪಿತು, ಬಿಲ್ ಮಾತ್ರ ಕಾಡಿತು

ಇಡೀ ತಂಡಕ್ಕೆ ಒಂದೇ ಟೆಸ್ಟ್ ಸರ್ವರ್, ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಸುತ್ತು) ಕೊನೆಯಲ್ಲಿ ಎಲ್ಲರೂ ಸರದಿ ಕಾಯಬೇಕು, ಏನು ಮಾಡಲಿ ಅಂತ ಕೇಳಿದ್ದೆನಲ್ವಾ? ಪ್ರತಿ ಬ್ರಾಂಚ್‌ಗೂ (ಒಬ್ಬೊಬ್ಬರು ಬೇರೆಯಾಗಿ ಬದಲಾಯಿಸುವ ಕೋಡ್ ಪ್ರತಿ) ಕ್ಲೌಡ್‌ನಲ್ಲಿ ತಾತ್ಕಾಲಿಕ ಎನ್ವಿರಾನ್‌ಮೆಂಟ್, ಅಂದರೆ ಅದರದೇ ಟೆಸ್ಟ್ ಸರ್ವರ್ ವ್ಯವಸ್ಥೆ, ಮಾಡಿ ಅಂದಿರಿ. ಮಾಡಿದೆವು. ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸಿ ಎಂಬ ಕೋರಿಕೆ) ತೆರೆದರೆ, ಸರ್ವರ್‌ಗಳನ್ನು ತಾನಾಗಿಯೇ ಕಟ್ಟಿಕೊಡುವ ಟೆರಾಫಾರ್ಮ್ ಎಂಬ ಟೂಲ್ ಓಡಿ ಹೊಸದೊಂದು ಸಿದ್ಧವಾಗುತ್ತದೆ, ಮರ್ಜ್ ಆದರೆ (ಮುಖ್ಯ ಕೋಡ್‌ಗೆ ಸೇರಿದರೆ) ಅಳಿದುಹೋಗುತ್ತದೆ. ಈಗ ಬಗ್‌ಗಳು ಮೊದಲ ವಾರದಲ್ಲೇ ಸಿಗುತ್ತಿವೆ.

ಎಡವಿದ್ದು ಖರ್ಚಿನಲ್ಲಿ. ಮರ್ಜ್ ಆಗದೆ ಬಿದ್ದಿದ್ದ ಬ್ರಾಂಚ್‌ಗಳ ಸರ್ವರ್‌ಗಳು ರಾತ್ರಿಯೆಲ್ಲಾ ಸುಮ್ನೆ ಓಡುತ್ತಿದ್ದವು. ಮೊದಲ ಬಿಲ್ ನೋಡಿ ಮ್ಯಾನೇಜರ್ ಮುಖ ಸಣ್ಣಗಾಯಿತು! ಈಗ ಪ್ರತಿಯೊಂದಕ್ಕೂ ಮಾಡಿದವರ ಹೆಸರಿನ ಟ್ಯಾಗ್ ಇದೆ. 48 ಗಂಟೆ ಯಾರೂ ಮುಟ್ಟದಿದ್ದರೆ ತಾನಾಗಿಯೇ ಡಿಲೀಟ್.

ಟೆಸ್ಟ್ ಡೇಟಾ ಇನ್ನೂ ತಲೆನೋವು. ಪ್ರತಿ ಸಲ ಇಡೀ ಡೇಟಾಬೇಸ್ ಕಾಪಿ ಮಾಡಿದರೆ ತುಂಬಾ ಹೊತ್ತು ಹಿಡಿಯುತ್ತದೆ. ಸದ್ಯಕ್ಕೆ ಚಿಕ್ಕದೊಂದು ಸೀಡ್ ಡೇಟಾ (ಶುರುವಿಗೆ ತುಂಬುವ ಮಾದರಿ ಡೇಟಾ) ಹಾಕಿಕೊಂಡು ಕೆಲಸ ಸಾಗಿಸುತ್ತಿದ್ದೇವೆ.