ಓದುಗರ ಸ್ಪಂದನ: ‘ಅಮ್ಮ, ನಾನು ಊರಿಗೆ ಬರ್ತೇನೆ’

ಕಳೆದ ಸಂಚಿಕೆಯಲ್ಲಿ ಕಟಪಾಡಿಯ ತಾಯಿಯೊಬ್ಬರು ಬರೆದಿದ್ದರು: ಜರ್ಮನಿಯಲ್ಲಿ ಎಂ.ಎಸ್. ಓದುತ್ತಿರುವ ಮಗ ಎರಡನೇ ಚಳಿಗಾಲಕ್ಕೆ ಪೂರ್ತಿ ಕುಗ್ಗಿಹೋಗಿದ್ದಾನೆ, ಎರಡು ವಿಷಯ ಫೇಲಾಗಿದೆ, ವಾಪಸ್ ಬರುತ್ತೇನೆ ಅನ್ನುತ್ತಿದ್ದಾನೆ. ಮನೆ ಅಡವಿಟ್ಟು ತೆಗೆದ ಸಾಲ ಉಂಟು. ‘ಅರ್ಧಕ್ಕೆ ಬಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ’ ಎಂದು ತಂದೆ ಮಾತು ಬಿಟ್ಟಿದ್ದಾರೆ. ಅವರಿಗೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಅಮ್ಮಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಜರ್ಮನಿಯಲ್ಲೇ ಓದಿ ಬಂದವಳು. ನಿಮ್ಮ ಮಗ ಸೋಮಾರಿಯಲ್ಲ, ನೆವ ಹೇಳುತ್ತಿಲ್ಲ. ಇದನ್ನು ಮೊದಲು ಅವನ ಅಪ್ಪನಿಗೆ ಹೇಳಿ.

ಅಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ. ಡಿಸೆಂಬರಿಗಾಗುವಾಗ ಸಂಜೆ ನಾಲ್ಕು, ನಾಲ್ಕೂವರೆಗೆಲ್ಲ ಕತ್ತಲು. ಕ್ಲಾಸು ಮುಗಿಸಿ ಹೊರಗೆ ಬಂದರೆ ರಾತ್ರಿ. ಭಾನುವಾರ ಅಂಗಡಿಗಳೂ ಬಂದ್. ಶುಕ್ರವಾರ ರೂಮಿನ ಬಾಗಿಲು ಹಾಕಿದರೆ ಸೋಮವಾರದವರೆಗೆ ಯಾರೊಟ್ಟಿಗೂ ಮಾತಿಲ್ಲದ ವಾರಗಳು ನನಗಿದ್ದವು. ಒಂದು ಸೋಮವಾರ ಬಸ್ ಡ್ರೈವರಿಗೆ ನಮಸ್ಕಾರ ಹೇಳಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಸುರತ್ಕಲ್‌ನಲ್ಲಿ ಮೀನಿನವರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೊಟ್ಟಿಗೆ ಬಾಯಿ ಹಾಕಿ ಬೆಳೆದವಳು ನಾನು.

ಅಮ್ಮ ಎರಡು ಕೆ.ಜಿ. ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದರು. ಹಾಸ್ಟೆಲಿನಲ್ಲಿ ಎಂಟು ಜನರಿಗೆ ಒಂದೇ ಅಡುಗೆಮನೆ, ಕರೆಂಟಿನ ಒಲೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತಲ್ಲ. ಒಂದು ಗಂಟೆ ಒಲೆ ಹಿಡಿದುಕೊಳ್ಳಬಾರದೆಂದು ಪಕ್ಕದ ರೂಮಿನವಳು ಗೋಡೆಗೆ ಚೀಟಿ ಅಂಟಿಸಿದಳು. ಆ ಚೀಟಿ ನೋಡಿ ನಾನು ಅಲ್ಲೇ ನೆಲದಲ್ಲಿ ಕುಳಿತು ಅತ್ತೆ. ಅವಳು ಓಡಿ ಬಂದಳು. ಮರುದಿನ ನನ್ನ ಕೈಹಿಡಿದು ವಿದ್ಯಾರ್ಥಿಗಳ ಕೌನ್ಸೆಲಿಂಗ್ ಕೇಂದ್ರಕ್ಕೆ ಕರೆದುಕೊಂಡು ಹೋದವಳೂ ಅವಳೇ. ಅಲ್ಲಿಯ ಊರೂರಿನ ‘ಸ್ಟುಡಿಯರೆಂಡನ್‌ವೆರ್ಕ್’ ಎಂಬ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳಲ್ಲಿ ಇಂಥ ಕೇಂದ್ರಗಳಿರುತ್ತವೆ. ಹೇಳಿದ್ದು ಪ್ರೊಫೆಸರರ ಕಿವಿಗೆ ಹೋಗುವುದಿಲ್ಲ. ಅವನಿಗೆ ಈ ಹೆಸರು ಬರೆದು ಕಳಿಸಿ.

ಇನ್ನೊಂದು, ತುಂಬಾ ಮುಖ್ಯವಾದದ್ದು. ಫೇಲಾದದ್ದು ಎಷ್ಟನೇ ಸಲ ಎಂದು ಬೈಯದೆ ಕೇಳಿ. ಅಲ್ಲಿ ಹೆಚ್ಚಿನ ಕಡೆ ಕಡ್ಡಾಯ ವಿಷಯಕ್ಕೆ ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಕೋರ್ಸೇ ಕೈಬಿಟ್ಟಿತು. ಈ ಮನಃಸ್ಥಿತಿಯಲ್ಲಿ ಅವನು ಕೊನೆಯ ಅವಕಾಶಕ್ಕೆ ಕುಳಿತುಕೊಳ್ಳುವುದು ಬೇಡ. ವೈದ್ಯರ ಸರ್ಟಿಫಿಕೇಟ್ ಇದ್ದರೆ ಒಂದು ಸೆಮಿಸ್ಟರ್ ರಜೆಗೆ ಅರ್ಜಿ ಹಾಕಬಹುದು. ಸೀಟು ಅವನದೇ ಆಗಿ ಉಳಿಯುತ್ತದೆ. ಆದರೆ ವೀಸಾ ಕಚೇರಿಗೆ ತಿಳಿಸಿಯೇ ಹೊರಡಬೇಕು; ಕೇಳದೆ ಆರು ತಿಂಗಳು ಮೀರಿ ದೇಶದ ಹೊರಗಿದ್ದರೆ ವಾಸದ ಪರವಾನಗಿ ತಾನಾಗಿ ರದ್ದಾಗುತ್ತದೆ.

ಬರುವುದೋ ಇರುವುದೋ ಎಂಬ ತೀರ್ಮಾನ ಜನವರಿಯ ಕತ್ತಲೆಯಲ್ಲಿ ಬೇಡ. ನಾನು ಜನವರಿಯಲ್ಲಿ ಟಿಕೆಟ್ ನೋಡಿದವಳು, ಏಪ್ರಿಲಿನಲ್ಲಿ ಅದೇ ಊರಿನ ನದಿ ದಂಡೆಯಲ್ಲಿ ಕುಳಿತು ಪ್ರಾಜೆಕ್ಟ್ ಬರೆದೆ. ಎಲ್ಲರಿಗೂ ಹಾಗೆಯೇ ಆಗುತ್ತದೆಂದು ಹೇಳಲಾರೆ. ಆದರೆ ಅವನು ರಾತ್ರಿ ನಿದ್ದೆ ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ, ಬದುಕುವುದೇ ಬೇಡ ಎನ್ನುವಂಥ ಮಾತು ಬಂದಿದ್ದರೆ ಏಪ್ರಿಲಿಗೆ ಕಾಯಬೇಡಿ ಅಮ್ಮಾ. ಇವತ್ತೇ ಕರೆಸಿಕೊಳ್ಳಿ.

– ಸುರತ್ಕಲ್‌ನ ಓದುಗಿ

*

ಅಕ್ಕಾ, ನಾವು ಶಂಕರಪುರದವರು, ನಿಮ್ಮ ಹತ್ತಿರದವರೇ. ಮಗಳು ಕೆನಡಾದಲ್ಲಿದ್ದಾಳೆ. ‘ಊಟ ಆಯ್ತಾ, ಪರೀಕ್ಷೆ ಯಾವಾಗ’ ಇವೆರಡು ಬಿಟ್ಟು ನಾನು ಬೇರೆ ಕೇಳಿದ್ದೇ ಇಲ್ಲ. ಒಂದು ದಿನ ಅವಳು, ‘ಅಮ್ಮ, ನನ್ನ ಹತ್ತಿರ ಏನೂ ಕೇಳಬೇಡ, ನೀನು ನಿನ್ನ ಕೆಲಸ ಮಾಡು, ನಾನು ನೋಡ್ತೇನೆ’ ಅಂದಳು. ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಜಗಲಿಯಲ್ಲಿ ಮಲ್ಲಿಗೆ ಕಟ್ಟಲು ಕೂರುವಾಗ ಫೋನನ್ನು ಎದುರಿಗೆ ನಿಲ್ಲಿಸುತ್ತೇನೆ. ಅಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ನಾನು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತೇನೆ, ಅವಳು ಅಲ್ಲಿ ಪಾತ್ರೆ ತೊಳೆಯುತ್ತಾಳೆ. ಇವತ್ತು ಅಟ್ಟೆಗೆ (ಮಲ್ಲಿಗೆ ಚೆಂಡುಗಳ ಕಟ್ಟಿಗೆ) ಎಷ್ಟು ದರ ಎಂದು ಕೇಳುತ್ತಾಳೆ. ಒಂದು ಚೆಂಡು ಮುಗಿಯುವುದರೊಳಗೆ ಮನಸ್ಸಿನಲ್ಲಿದ್ದದ್ದು ತಾನಾಗಿಯೇ ಹೊರಗೆ ಬರುತ್ತದೆ. ನೀವು ಒಂದು ವಾರ ಹೀಗೆ ಮಾಡಿ ನೋಡಿ ಅಕ್ಕಾ.

– ಶಂಕರಪುರದ ತಾಯಿ

*

ಇದು ಹುಡುಗನ ತಂದೆಯವರಿಗೆ. ನಾನು ಬ್ಯಾಂಕಿನಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಏಕೆಂದರೆ ಅಡವು ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗಿದ ಎಷ್ಟೋ ತಂದೆಯರ ಎದುರು ನಾನು ಕುಳಿತಿದ್ದೇನೆ.

ಆದರೆ ‘ಎಲ್ಲ ಹೋಯಿತು’ ಎನ್ನುವ ಮೊದಲು ಕಾಗದ ಬಿಚ್ಚಿ ನೋಡಿ. ಮಂಜೂರಾದ ಸಾಲವೆಲ್ಲ ಬಿಡುಗಡೆಯಾಗಿರುವುದಿಲ್ಲ; ಬಿಡುಗಡೆಯಾಗದ ಭಾಗ ನಿಮ್ಮ ಸಾಲವೇ ಅಲ್ಲ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ ದುಡ್ಡು (2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ) ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ಓದು ಬಿಟ್ಟು ಊರಿಗೆ ಬಂದರೆ, ಅಲ್ಲಿಯ ಕಾಗದಪತ್ರ ಮುಗಿಸಿದ ಮೇಲೆ ಉಳಿದದ್ದನ್ನು ವಾಪಸ್ ಪಡೆಯಬಹುದು. ಅವನು ಓದುತ್ತಿರುವುದು ಸರ್ಕಾರಿ ಯೂನಿವರ್ಸಿಟಿಯಾದರೆ, ಬಾಡೆನ್–ವ್ಯುರ್ಟೆಂಬರ್ಗ್‌ನಂಥ ಕೆಲವು ಕಡೆ ಬಿಟ್ಟರೆ, ಬೋಧನಾ ಶುಲ್ಕವೇ ಇರುವುದಿಲ್ಲ. ಹಾಗಾಗಿ ಖರ್ಚಾದದ್ದು ಬಹುಪಾಲು ಊಟ, ಬಾಡಿಗೆಗೆ.

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರು. ಅರ್ಧಕ್ಕೆ ಬಿಟ್ಟರೆ ಬೇಗ ಶುರುವಾಗಬಹುದು. ಅದಕ್ಕೇ ಹೇಳುತ್ತೇನೆ, ನೋಟಿಸ್ ಬರುವ ಮೊದಲೇ ಮ್ಯಾನೇಜರರ ಹತ್ತಿರ ಹೋಗಿ ಕುಳಿತು ಮಾತಾಡಿ. ಮುಂಚೆ ಬಂದು ಹೇಳಿದವರಿಗೆ ಕಂತು ಹೊಂದಿಸಿಕೊಟ್ಟ ಉದಾಹರಣೆಗಳು ನನ್ನ ಕೈಯಲ್ಲೇ ಆಗಿವೆ. ಈಗಿನಿಂದಲೇ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟುತ್ತಾ ಬನ್ನಿ, ಅಸಲಿಗೆ ಸೇರಿ ಬೆಳೆಯುವುದಿಲ್ಲ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುವಾದ ಜಿಲ್ಲೆ ನಮ್ಮದು. ಸ್ವಲ್ಪ ಸ್ವಲ್ಪವೇ ಕಟ್ಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಲದ ವಿಷಯವನ್ನು ಮಗನ ಹತ್ತಿರ ಈಗ ಎತ್ತಬೇಡಿ. ಅವನಿಗೆ ಅದು ನಿಮಗಿಂತ ಚೆನ್ನಾಗಿ ನೆನಪಿದೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

*

ನಾನು ಅರ್ಧಕ್ಕೆ ಬಂದವನು. ಒಂದು ವರ್ಷ ಮೂರು ತಿಂಗಳಿಗೆ. ಈಗ ಬೈಕಂಪಾಡಿಯಲ್ಲಿ ಕೆಲಸ, ಸಾಲ ಇನ್ನೂ ಕಟ್ಟುತ್ತಾ ಇದ್ದೇನೆ.

ಬಂದ ಹೊಸತರಲ್ಲಿ ಮದುವೆ, ಕೋಲ ಎಲ್ಲಿ ಹೋದರೂ ‘ಎಂತ ಮಾರಾಯ, ಯಾವಾಗ ಬಂದದ್ದು? ವಾಪಸ್ ಯಾವಾಗ?’ ಎಂದು ಕೇಳುತ್ತಿದ್ದರು. ಕಷ್ಟವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಆರು ತಿಂಗಳು ಕೇಳಿದರು. ಆಮೇಲೆ ಬೇರೆಯವರ ಮಗನ ವಿಷಯ ಸಿಕ್ಕಿತು, ನನ್ನನ್ನು ಬಿಟ್ಟರು.

ನನಗೆ ಜೀವ ಕೊಟ್ಟದ್ದು ಅಪ್ಪ. ಬಜ್ಪೆ ಏರ್‌ಪೋರ್ಟಿನಲ್ಲಿ ನನ್ನ ಬ್ಯಾಗ್ ತೆಗೆದುಕೊಂಡರು, ಒಂದು ಮಾತು ಆಡಲಿಲ್ಲ. ಕಾವೂರು ದಾಟುವಾಗ ಹೋಟೆಲಿನ ಎದುರು ಗಾಡಿ ನಿಲ್ಲಿಸಿ, ‘ಗೋಳಿಬಜೆ ಬಿಸಿ ಉಂಟು, ತಿನ್ನು’ ಅಂದರು. ನಾನು ತಿನ್ನುವವರೆಗೆ ಎದುರಿನಲ್ಲೇ ಕುಳಿತಿದ್ದರು. ಅವರ ಚಹಾ ತಣಿದು ಕೆನೆ ಕಟ್ಟಿತ್ತು.

ಅಮ್ಮಾ, ನಿಮ್ಮ ಮಗ ಬರಲಿ, ಅಲ್ಲೇ ಇರಲಿ, ಟಿಕೆಟಿನ ದುಡ್ಡನ್ನು ಇವತ್ತು ಅವನ ಖಾತೆಗೆ ಹಾಕಿ. ‘ಇದು ಬರುವುದಕ್ಕೆ, ಯಾವಾಗ ಬೇಕಾದರೂ’ ಎಂದು ಅವನ ಅಪ್ಪನ ಬಾಯಲ್ಲೇ ಹೇಳಿಸಿ. ನನ್ನ ರೂಮ್‌ಮೇಟಿಗೆ ಅವನ ಮನೆಯವರು ಹಾಗೆ ಮಾಡಿದ್ದರು. ಅವನು ಆ ದುಡ್ಡು ಮುಟ್ಟದೆ ಓದು ಮುಗಿಸಿಯೇ ಬಂದ.

– ಮಂಗಳೂರಿನ ಓದುಗ