ಮಕ್ಕಳು ವಿಡಿಯೊ ಕಣ್ಣು ಮಿಟುಕಿಸದೆ ನೋಡುತ್ತಾರೆ, ಆದರೆ ಪಾಠ ತಲೆಗೆ ಹೋಗುತ್ತಿಲ್ಲ. ಏನು ಮಾಡಲಿ?

ಪಾವಗಡ ವಿಜ್ಞಾನ ಟೀಚರ್:
ಎಲ್ಲರಿಗೂ ನಮಸ್ಕಾರ. ಪಾವಗಡ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ವರ್ಷ ಊರಿನ ದಾನಿಗಳೊಬ್ಬರು ಶಾಲೆಗೆ ದೊಡ್ಡ ಟಿವಿ ಕೊಡಿಸಿದರು. 10ನೇ ತರಗತಿಯ ಜೀವ ಕ್ರಿಯೆಗಳ ಪಾಠಕ್ಕೆ ಹೃದಯದ ಮೇಲಿನ 18 ನಿಮಿಷದ ವಿಡಿಯೊ ಹಾಕಿದೆ. ಒಬ್ಬರೂ ಪಿಟಕ್ಕೆನ್ನಲಿಲ್ಲ. ಮಾರನೇ ದಿನ "ಶ್ವಾಸಕೋಶದಿಂದ ವಾಪಸ್ ಬರುವ ರಕ್ತ ಹೃದಯದ ಯಾವ ಕೋಣೆಗೆ ಬರುತ್ತದೆ?" ಎಂದು ಕೇಳಿದೆ. ಮುಂದಿನ ಬೆಂಚಿನ ಒಂದಿಬ್ಬರನ್ನು ಬಿಟ್ಟರೆ ಯಾರೂ ಬಾಯಿ ಬಿಡಲಿಲ್ಲ. ಲಬ್ ಡಬ್ ಸದ್ದು ಮಾತ್ರ ಎಲ್ಲರಿಗೂ ನೆನಪಿತ್ತು!

ವಿಡಿಯೊ ಎಷ್ಟು ಹೊತ್ತಿನದಿರಬೇಕು? ಪಾಠಕ್ಕೆ ಮೊದಲು ತೋರಿಸಬೇಕೋ, ಪಾಠ ಆದ ಮೇಲೋ? ಇಲ್ಲಿ ನೆಟ್ ಸಿಗುವುದೂ ಕಷ್ಟ. ಅನುಭವ ಇರುವವರು ದಯವಿಟ್ಟು ಹೇಳಿ.

ಶಿಡ್ಲಘಟ್ಟ ಮೇಷ್ಟ್ರು:
ಮೇಡಂ, ಮಕ್ಕಳು ಸದ್ದಿಲ್ಲದೆ ಕೂತರು ಅಂದರೆ ಕಲಿತರು ಅಂತ ಅಲ್ಲ. ವಿಡಿಯೊ ನಡೆಯುವಾಗ ನನಗೆ ತರಗತಿಯಲ್ಲಿ ಸ್ವಲ್ಪ ಗಲಾಟೆಯೇ ಬೇಕು. "ಇಲ್ಲ ಸಾರ್, ಆ ಕಡೆ ಹೋಗುತ್ತೆ" ಎಂದು ಯಾರಾದರೂ ಕೂಗಬೇಕು.

ಹೃದಯವನ್ನೇ ತೆಗೆದುಕೊಳ್ಳಿ. ಟಿವಿ ಹಾಕುವ ಮೊದಲೇ ನಾಲ್ಕು ಕೋಣೆಯ ಖಾಲಿ ಚಿತ್ರ ಬರೆಸಿ. ರಕ್ತ ಎಲ್ಲಿಂದ ಎಲ್ಲಿಗೆ ಹೋಗಬಹುದು ಅಂತ ಪೆನ್ಸಿಲ್ಲಿನಲ್ಲಿ ಬಾಣ ಹಾಕಲಿ. ತಪ್ಪೋ ಸರಿಯೋ, ಸುಮ್ನೆ ಹಾಕಲಿ. ಪಕ್ಕದವರ ಬಾಣ ಬೇರೆ ಕಡೆ ಹೋಗಿದ್ದರೆ ವಾದ ಮಾಡಲಿ. ಆಮೇಲೆ ವಿಡಿಯೊ ಹಾಕಿ. ಈಗ ಅವರಿಗೆ ನೋಡಲು ಒಂದು ಕಾರಣ ಇರುತ್ತದೆ: ನನ್ನ ಬಾಣ ಸರಿಯಾ?

ರಕ್ತ ಬಲ ಹೃತ್ಕರ್ಣದಿಂದ (ಮೇಲಿನ ಕೋಣೆ) ಬಲ ಹೃತ್ಕುಕ್ಷಿಗೆ (ಕೆಳಗಿನ ಕೋಣೆ) ಇಳಿದ ತಕ್ಷಣ ನಿಲ್ಲಿಸಿ. "ಇಲ್ಲಿಂದ ಎಲ್ಲಿಗೆ?" ಎಂದು ಕೇಳಿ. ತುಂಬಾ ಮಕ್ಕಳು "ಮೈಗೆಲ್ಲ" ಅನ್ನುತ್ತಾರೆ. ಕೆಲವರು ಶ್ವಾಸಕೋಶ ಅನ್ನುತ್ತಾರೆ. ಯಾಕೆ ಅಂತ ಕೇಳಿ, ಉತ್ತರ ಮಾತ್ರ ನೀವು ಹೇಳಬೇಡಿ. ವಿಡಿಯೊ ಹೇಳಲಿ. ಎಡ ಹೃತ್ಕುಕ್ಷಿಗೆ ಬಂದಾಗ ಮತ್ತೆ ನಿಲ್ಲಿಸಿ, ಇದರ ಗೋಡೆ ಯಾಕೆ ಇಷ್ಟು ದಪ್ಪ ಅಂತ ಕೇಳಿ. ಮೈಗೆಲ್ಲ ರಕ್ತ ತಳ್ಳಬೇಕಾದ ಕೋಣೆ ಅದು ಅಂತ ಅವರೇ ಹುಡುಕುತ್ತಾರೆ. ಇನ್ನೊಂದು ವಿಷಯ. ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಕ್ಕೆ ಕಾಣುತ್ತದೆ. ಅಲ್ಲೇ ಮಕ್ಕಳಿಗೆ ಗೊಂದಲ ಆಗುವುದು. ಒಬ್ಬ ಹುಡುಗನನ್ನು ತರಗತಿಯ ಕಡೆ ಮುಖ ಮಾಡಿ ನಿಲ್ಲಿಸಿ ಬಲಗೈ ಎತ್ತಿಸಿ, ಮುಗಿಯಿತು.

ಎಷ್ಟು ನಿಮಿಷ ಅಂತ ಕೇಳಿದ್ದೀರಿ. 2014ರಲ್ಲಿ ಎಡ್‌ಎಕ್ಸ್ ಆನ್‌ಲೈನ್ ಕೋರ್ಸ್‌ಗಳಲ್ಲಿ ಜನ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಆಯಿತು. 6 ನಿಮಿಷ ದಾಟಿದರೆ ನೋಡುವವರ ಗಮನ ಉಳಿಯುವುದು ಕಷ್ಟ ಅಂತ ಅದರಲ್ಲಿ ಕಂಡಿತು. ಆದರೆ ಅಲ್ಲಿದ್ದವರು ಒಂಟಿಯಾಗಿ ಕಂಪ್ಯೂಟರ್ ಮುಂದೆ ಕೂತು, ಬೇಡ ಅನಿಸಿದರೆ ಎದ್ದು ಹೋಗಬಲ್ಲವರು. ನಮ್ಮ ಮಕ್ಕಳಿಗೆ ಬಾಗಿಲ ಹತ್ತಿರ ಮೇಷ್ಟ್ರು ನಿಂತಿರುತ್ತಾರೆ. ಹಾಗಾಗಿ ನನಗೆ ಇನ್ನೊಂದು ಪ್ರಯೋಗ ಜಾಸ್ತಿ ಹತ್ತಿರ ಅನಿಸುತ್ತದೆ. 2001ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಅವರ ಜೊತೆಗಾರ ಪಾಲ್ ಚಾಂಡ್ಲರ್ ಮಿಂಚು ಹೇಗೆ ಉಂಟಾಗುತ್ತದೆ ಅಂತ ತೋರಿಸುವ ಸುಮಾರು 140 ಸೆಕೆಂಡಿನ ಅನಿಮೇಶನ್ ಅನ್ನು 16 ತುಂಡು ಮಾಡಿದರು. ಮುಂದಕ್ಕೆ ಹೋಗಲು ಬಟನ್ ಒತ್ತಬೇಕು. ಅದೇ ಚಿತ್ರ, ಅದೇ ಮಾತು. ಆದರೂ ತಡೆದು ತಡೆದು ನೋಡಿದವರು ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಮುಂದಿದ್ದರು. ಎರಡು ನಿಮಿಷದ ವಿಡಿಯೊಗೇ ಹೀಗಾದರೆ, 18 ನಿಮಿಷವನ್ನು ಎಲ್ಲೂ ನಿಲ್ಲಿಸದೆ ಓಡಿಸಿದರೆ ಏನು ಉಳಿಯುತ್ತದೆ ಹೇಳಿ?

ಎಲ್ಲದಕ್ಕೂ ವಿಡಿಯೊ ಬೇಕಾಗಿಲ್ಲ ಮೇಡಂ. ನಮ್ಮ ಕಡೆ ತುಂಬಾ ಮಕ್ಕಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಾಲ್ಕು ಜ್ವರ (ಹುಳು ಪೊರೆ ಬಿಡುವ ಹೊತ್ತು) ಕಳೆದು ಹುಳು ಹಣ್ಣಾಗುವುದು, ಅಂದರೆ ಗೂಡು ಕಟ್ಟಲು ಸಿದ್ಧವಾಗುವುದು, ಅದನ್ನು ಗೂಡು ಕಟ್ಟಿಸುವ ಚಂದ್ರಂಕಿ ತಟ್ಟೆಗೆ ಬಿಡುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹುಳು ಸೊಪ್ಪು ತಿನ್ನುವ ವಿಡಿಯೊ ಅವರಿಗೆ ಯಾಕೆ? ಆದರೆ ಗೂಡಿನೊಳಗೆ ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ದಾರ ಸುತ್ತುತ್ತದೆಯಲ್ಲ, ಅದು ಎರಡು ಮೂರು ದಿನದ ಕೆಲಸ. ಕೂತು ನೋಡಲು ಯಾರಿಗೂ ಪುರುಸೊತ್ತಿಲ್ಲ. ಗೂಡು ಗಟ್ಟಿಯಾದ ಮೇಲೆ ಒಳಗೇನಾಗುತ್ತದೆ ಅಂತ ಕಾಣುವುದೂ ಇಲ್ಲ. ಅದನ್ನು ವೇಗವಾಗಿ ಓಡಿಸಿದ ಒಂದು ತುಣುಕು ತೋರಿಸಿದೆ. ಒಬ್ಬ ಹುಡುಗಿ, ಅವರಪ್ಪ ರೀಲರ್ (ಗೂಡಿನಿಂದ ನೂಲು ಬಿಚ್ಚುವವರು), "ಅದಕ್ಕೇ ಅಲ್ವಾ ಸಾರ್, ಬಿಸಿನೀರಿಗೆ ಹಾಕಿದರೆ ಒಂದೇ ಎಳೆ ಬಿಚ್ಚಿಕೊಂಡು ಬರೋದು" ಅಂದಳು. ಆ ಮಾತು ಕೇಳಿ ನನಗೆ ತುಂಬಾ ಖುಷಿಯಾಯಿತು. ಕಣ್ಣಿಗೆ ಕಾಣದ್ದು, ತುಂಬಾ ನಿಧಾನದ್ದು, ಸೋಡಿಯಂ ನೀರಿಗೆ ಬಿದ್ದಾಗ ಆಗುವಂಥ ಅಪಾಯದ್ದು, ಇವಕ್ಕೆ ವಿಡಿಯೊ ಸರಿ. ಸುಣ್ಣದ ತಿಳಿನೀರಿಗೆ ಊದಿದರೆ ಅದು ಬೆಳ್ಳಗಾಗುವುದನ್ನು ಮಾತ್ರ ದಯವಿಟ್ಟು ಟಿವಿಯಲ್ಲಿ ತೋರಿಸಬೇಡಿ. ಒಂದು ಗ್ಲಾಸು, ಒಂದು ಸ್ಟ್ರಾ ಸಾಕು.

ಮುಳಬಾಗಿಲು ನಲಿಕಲಿ ಟೀಚರ್:
ನಾನು ಚಿಕ್ಕ ಮಕ್ಕಳಿಗೆ ಕಲಿಸುವವಳು. ನಮ್ಮದು ಗಡಿಯ ಊರು, ಮಕ್ಕಳು ಮನೆಯಲ್ಲಿ ಮಾತಾಡುವುದು ತೆಲುಗು. ವಿಡಿಯೊದ ಕನ್ನಡ ಅವರಿಗೆ ತುಂಬಾ ವೇಗ, ಪುಸ್ತಕದ ಭಾಷೆ ಬೇರೆ. ಅದಕ್ಕೆ ನಾನು ಸದ್ದನ್ನು ಪೂರ್ತಿ ತೆಗೆದುಬಿಡುತ್ತೇನೆ. ಕಾಳು ಮೊಳಕೆಯೊಡೆಯುವ ಒಂದು ಚಿಕ್ಕ ವಿಡಿಯೊ ಇದೆ. ಮೊದಲ ಸಲ ನೋಡುವಾಗ ಕಂಡದ್ದನ್ನು ಯಾವ ಭಾಷೆಯಲ್ಲಾದರೂ ಹೇಳಲಿ. ಎರಡನೇ ಸಲ ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಮೂರನೇ ಸಲ ಒಂದು ಮಗು ಟಿವಿ ಪಕ್ಕ ನಿಂತು ಹೇಳಬೇಕು. "ಮೊದಲು ಬೇರು ಬಂತು, ಆಮೇಲೆ ಎಲೆ ಬಂತು." ಅದನ್ನು ಹೇಳಲು ಎಲ್ಲರೂ ಕೈ ಎತ್ತುತ್ತಾರೆ. ಕಿಟಕಿಯಲ್ಲಿ ಒದ್ದೆ ಬಟ್ಟೆಯಲ್ಲಿ ಅವರೆಕಾಳು ಕಟ್ಟಿ ಇಟ್ಟಿರುತ್ತೇವೆ. ವಿಡಿಯೊ ಮುಗಿದ ಕೂಡಲೇ ಅಲ್ಲಿಗೆ ಓಡುತ್ತಾರೆ.

ತುಮಕೂರು, ಕಂಪ್ಯೂಟರ್ ಮೇಷ್ಟ್ರು:
ನೆಟ್ ಬಗ್ಗೆ ನಾನು ಹೇಳುತ್ತೇನೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಅನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೊಗಳು ಸಿಗುತ್ತವೆ. ನೆಟ್ ಇರುವ ಕಡೆ ಡೌನ್‌ಲೋಡ್ ಮಾಡಿಕೊಂಡರೆ ಶಾಲೆಯಲ್ಲಿ ನೆಟ್ ಇಲ್ಲದೆಯೂ ಆ್ಯಪ್ ಒಳಗೆ ಓಡುತ್ತವೆ. ಫೋನನ್ನೋ ಲ್ಯಾಪ್‌ಟಾಪನ್ನೋ ಟಿವಿಗೆ ಜೋಡಿಸಿ. ಮಕ್ಕಳು ಬರುವ ಮುಂಚೆ ಕೊನೆ ಬೆಂಚಿನಲ್ಲಿ ಕೂತು ಒಮ್ಮೆ ನೋಡಿ. ಅಕ್ಷರ ಓದಲು ಆಗುತ್ತಾ? ಕಿಟಕಿ ಬೆಳಕು ಪರದೆಗೆ ಹೊಡೆಯುತ್ತಾ? ಮಾತು ಕೇಳಿಸುತ್ತಾ? ಟಿವಿಯ ಸ್ಪೀಕರ್ ದೊಡ್ಡ ಕೋಣೆಗೆ ಸಾಲುವುದಿಲ್ಲ, ಒಂದು ಚಿಕ್ಕ ಸ್ಪೀಕರ್ ಬೇಕೇ ಬೇಕು.

ಪಾವಗಡ ವಿಜ್ಞಾನ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ಒಂದು ಅನುಮಾನ. ಹೀಗೆ ನಿಲ್ಲಿಸುತ್ತಾ ಹೋದರೆ ಒಂದು ಪೀರಿಯಡ್‌ನಲ್ಲಿ ವಿಡಿಯೊ ಮುಗಿಯುವುದಿಲ್ಲವಲ್ಲ?

ಶಿಡ್ಲಘಟ್ಟ ಮೇಷ್ಟ್ರು:
ಮುಗಿಸಬೇಕಾಗಿಲ್ಲ ಮೇಡಂ. 18 ನಿಮಿಷದಲ್ಲಿ ರಕ್ತ ಸುತ್ತುವ ಭಾಗ ಮೂರು ನಾಲ್ಕು ನಿಮಿಷ ಇರಬಹುದು. ಅಷ್ಟೇ ತೋರಿಸಿ, ಉಳಿದದ್ದನ್ನು ಬೋರ್ಡಿನ ಮೇಲೆ ನೀವೇ ಹೇಳಿ. ಕೊನೆಗೆ ಟಿವಿ ಆರಿಸಿ, ಪುಸ್ತಕ ಮುಚ್ಚಿಸಿ, ಹೊಸ ಹಾಳೆಯಲ್ಲಿ ಬಾಣಗಳನ್ನು ಪೆನ್ನಿನಲ್ಲಿ ಮತ್ತೆ ಹಾಕಿಸಿ. ಮುಂದಿನ ವಾರ ಇನ್ನೊಮ್ಮೆ ಹಾಕಿಸಿ, ಅದೇ ವಿಡಿಯೊ ಮತ್ತೆ ತೋರಿಸುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಪೆನ್ಸಿಲ್ ಹಾಳೆಗಳನ್ನೂ ಮನೆಗೆ ತೆಗೆದುಕೊಂಡು ಹೋಗಿ ನೋಡಿ. ಯಾವ ಕೋಣೆಯ ಹತ್ತಿರ ಜಾಸ್ತಿ ಮಕ್ಕಳು ತಪ್ಪಿದ್ದಾರೋ, ಬರುವ ವರ್ಷ ವಿಡಿಯೊವನ್ನು ಅಲ್ಲೇ ನಿಲ್ಲಿಸಿ.